ಎರಡೂವರೆಗೆ ಹೊರಟು ಐದಕ್ಕೆ ತಲುಪಿದ್ನಂತೆ, ಹೌದಾ?

ಹಿಂದಿನ ಸಲ ಯಾರೋ ಓದುಗರು ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಕೇಳಿದ್ರು. ನಾನು ಜಾಗ ಇಲ್ಲ ಅಂತ ಒಂದೇ ಸಾಲಲ್ಲಿ "ಸುಮಾರು 14,000 ಕಿಲೋಮೀಟರ್, 16ರಿಂದ 18 ಗಂಟೆ" ಅಂತ ಬರೆದು ಕೈ ತೊಳ್ಕೊಂಡಿದ್ದೆ. ಅದೇ ತಪ್ಪಾಯ್ತು ನೋಡಿ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ವರ್ಷದಲ್ಲಿ ಯಾವ ಉತ್ತರಕ್ಕೂ ಬಂದಿಲ್ಲ. ಮೂಟೆಯಲ್ಲಿ ಅರ್ಧ ಪತ್ರ ಮಕ್ಕಳು ಅಲ್ಲಿರೋ ಅಪ್ಪ ಅಮ್ಮಂದಿರದ್ದು, ಇನ್ನರ್ಧ ನನ್ನ ಲೆಕ್ಕ ತಪ್ಪು ಅಂತ ತೋರಿಸೋಕೆ ಹೊರಟ ಮೇಷ್ಟ್ರುಗಳದ್ದು. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ ಬಿಟ್ಟಿದೀನಿ. ನಾನು ಈ ಬರೆಯೋ ಕೆಲಸಕ್ಕೆ ಬರೋ ಮೊದಲು ಬೆಂಗಳೂರಲ್ಲಿ ಹಲವು ವರ್ಷ ಟಿಕೆಟ್ ಬುಕ್ ಮಾಡೋ ಕೌಂಟರಲ್ಲಿ ಕೂತೋನು, ವಿಮಾನ ಇನ್ನೂ ಎಚ್‌ಎಎಲ್‌ನಿಂದ ಏಳ್ತಿದ್ದ ಕಾಲದಿಂದ, ಹಾಗಾಗಿ ಈ ಪ್ರಶ್ನೆಗಳೆಲ್ಲ ನಂಗೆ ಹಳೇ ಪರಿಚಯ.

ಪ್ರಶ್ನೆ: ನಿಮ್ಮ 14,000 ಎಲ್ಲಿಂದ ಬಂತು? ನಮ್ಮ ಶಾಲೆಯ ಗೋಡೆ ಮೇಲಿನ ಪ್ರಪಂಚದ ನಕಾಶೆಯಲ್ಲಿ ಸ್ಕೇಲ್ ಇಟ್ಟು ನೋಡಿದರೆ ಬೆಂಗಳೂರಿಂದ ನೇರ ಪೂರ್ವಕ್ಕೆ ಚೀನಾ, ಪೆಸಿಫಿಕ್ ದಾಟಿದರೆ ಸ್ಯಾನ್ ಫ್ರಾನ್ಸಿಸ್ಕೋ ಸಿಗುತ್ತದೆ. ವಿಮಾನ ಸೈಬೀರಿಯಾ, ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ ಅನ್ನುತ್ತಾರೆ. ಹತ್ತಿರದ ದಾರಿ ಬಿಟ್ಟು ಅಷ್ಟು ಮೇಲೆ ಹತ್ತಿ ಇಳಿಯುವುದು ಯಾಕೆ?
– ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟ್ರೇ, ಸ್ಕೇಲ್ ಕೆಳಗಿಡಿ, ಅಡುಗೆಮನೆಯಿಂದ ಒಂದು ಮೂಸಂಬಿ, ಹೂ ಕಟ್ಟೋ ದಾರ ತಗೊಂಡು ಬನ್ನಿ. ಮೂಸಂಬಿ ಮೇಲೆ ಪೆನ್ನಲ್ಲಿ ಎರಡು ಚುಕ್ಕಿ ಇಡಿ, ಒಂದು ನಡುವಿಗಿಂತ ಸ್ವಲ್ಪ ಮೇಲೆ, ಅದು ನಮ್ಮೂರು, ಇನ್ನೊಂದು ಹಣ್ಣನ್ನ ಹೆಚ್ಚುಕಮ್ಮಿ ಪೂರ್ತಿ ಆ ಕಡೆ ತಿರುಗಿಸಿ ಅದಕ್ಕಿಂತ ಮೇಲೆ, ಅದು ಅವರೂರು. ಈಗ ದಾರ ಬಿಗಿಯಾಗಿ ಎಳೀರಿ. ಅದು ಹಣ್ಣಿನ ಹೊಟ್ಟೆ ಸುತ್ತಿ ಹೋಗಲ್ಲ, ತೊಟ್ಟಿನ ಕಡೆಗೆ ಜಾರತ್ತೆ. ಅಷ್ಟೇ ವಿಷಯ. ಇದಕ್ಕೆ ಪುಸ್ತಕದಲ್ಲಿ ಮಹಾವೃತ್ತ ಅಂತಾರೆ. ಗೋಡೆ ನಕಾಶೆ ಏನ್ ಮಾಡತ್ತೆ ಅಂದ್ರೆ ಆ ಮೂಸಂಬಿ ಸಿಪ್ಪೆನ ಎಳೆದು ಹಪ್ಪಳದ ಥರ ಚಪ್ಪಟೆ ಮಾಡತ್ತೆ, ಆಗ ಮೇಲಿನ ಭಾಗ ವಿಪರೀತ ಅಗಲ ಆಗಿ ನಿಜವಾಗ್ಲೂ ಹತ್ತಿರ ಇರೋ ದಾರಿ ದೊಡ್ಡ ಕಮಾನಿನ ಥರ ಕಾಣತ್ತೆ.

ಲೆಕ್ಕ ಬೇಕಂದ್ರೆ ಇಲ್ಲಿದೆ. ಬೆಂಗಳೂರಿನ ಏರ್‌ಪೋರ್ಟ್ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶ. ಸ್ಯಾನ್ ಫ್ರಾನ್ಸಿಸ್ಕೋದ್ದು 37.6 ಉತ್ತರ, 122.4 ಪಶ್ಚಿಮ. ರೇಖಾಂಶಗಳ ಅಂತರ 160 ಡಿಗ್ರಿ, 180 ಆಗಿದ್ರೆ ಭೂಮಿಯ ಸರಿಯಾಗಿ ಆ ಬೆನ್ನಿಗೆ ಇರ್ತಿತ್ತು. ಭೂಮಿಯ ನಡುಬಿಂದುವಿಂದ ನೋಡಿದ್ರೆ ಎರಡೂ ಊರಿನ ನಡುವೆ ಕೋನ ಹತ್ತಿರ ಹತ್ತಿರ 126 ಡಿಗ್ರಿ, ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್, ಗುಣಿಸಿದ್ರೆ 14,000ಕ್ಕೆ ಸ್ವಲ್ಪ ಕಮ್ಮಿ. ನಿಮ್ಮ ನಕಾಶೆಯ ನೇರ ಗೆರೆ ಮೇಲೇ ವಿಮಾನ ಹೋದ್ರೆ ಸುಮಾರು 16,000 ಆಗತ್ತೆ. ಎರಡು ಸಾವಿರ ಕಿಲೋಮೀಟರ್ ಜಾಸ್ತಿ, ಅಂದ್ರೆ ಬೆಂಗಳೂರಿಂದ ದೆಹಲಿಗಿಂತ ದೂರ, ಬರೀ ಕಾಗದ ನಂಬಿದ್ದಕ್ಕೆ!

ಆದ್ರೆ ಮೇಷ್ಟ್ರೇ, ಆ ದಾರದ ಮೇಲೆ ಕೂಡ ವಿಮಾನ ಹಾಗೇ ಹೋಗಲ್ಲ, ಇದನ್ನ ಯಾರೂ ಹೇಳಲ್ಲ. ಆ ದಾರ ಬೆಂಗಳೂರಿಂದ ಉತ್ತರ-ಈಶಾನ್ಯಕ್ಕೆ ಹೋಗಿ ನೇಪಾಳ ದಾಟಿ ಟಿಬೆಟ್ ಮೇಲೆ ಹಾಯತ್ತೆ, ಆಮೇಲೆ ಸೈಬೀರಿಯಾದ ಈಶಾನ್ಯ ಮೂಲೆಯಲ್ಲಿ 71 ಡಿಗ್ರಿ ಅಕ್ಷಾಂಶದವರೆಗೂ ಹತ್ತಿ ಅಲಾಸ್ಕಾ ಕಡೆಯಿಂದ ಇಳಿಯತ್ತೆ. ಟಿಬೆಟ್ ಪ್ರಸ್ಥಭೂಮಿನೇ ಸರಾಸರಿ 4,500 ಮೀಟರ್ ಎತ್ತರ ಇದೆ. ಕ್ಯಾಬಿನ್ನಿನ ಗಾಳಿ ಒತ್ತಡ ಏನಾದ್ರೂ ಹೋದ್ರೆ ಪೈಲಟ್ ತಕ್ಷಣ ವಿಮಾನನ ಸುಮಾರು 3,000 ಮೀಟರಿಗೆ ಇಳಿಸ್ಬೇಕು, ತಲೆ ಮೇಲಿಂದ ಬೀಳೋ ಆ ಹಳದಿ ಮಾಸ್ಕಲ್ಲಿ ಆಕ್ಸಿಜನ್ ಬರೋದು ಸಾಮಾನ್ಯವಾಗಿ ಕಾಲು ಗಂಟೆ ಲೆಕ್ಕ, ಕೆಳಗೆ ನೋಡಿದ್ರೆ ನೆಲವೇ 4,500ರಲ್ಲಿದೆ, ಎಲ್ಲಿಗೆ ಇಳಿಸ್ತೀರಾ? ಅದಕ್ಕೇ ಆ ಜಾಗನ ಸುತ್ತು ಹಾಕ್ತಾರೆ. ಇನ್ನು ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಅನ್ನೋದು ಬೇರೆ ತಲೆನೋವು, 2022ರ ಫೆಬ್ರವರಿ ಮಾರ್ಚ್ ಆದ್ಮೇಲೆ ಅಮೆರಿಕ, ಯೂರೋಪಿನ ಕಂಪನಿಗಳು ರಷ್ಯಾ ಮೇಲೆ ಹಾರೋ ಹಾಗಿಲ್ಲ. ಹಾಗಾಗಿ 14,000 ಅನ್ನೋದು ಮೂಸಂಬಿ ಲೆಕ್ಕ, ವಿಮಾನ ನಿಜಕ್ಕೂ ಹಾರೋದು ಆ ದಿನದ ಗಾಳಿ, ಬೆಟ್ಟ, ಪರ್ಮಿಷನ್ ಎಲ್ಲ ನೋಡಿ ಹಾಕಿದ ದಾರಿ ಮೇಲೆ, ಅದು ದಿನಾ ಬದಲಾಗತ್ತೆ.

ಪ್ರಶ್ನೆ: ನನ್ನ ಮಗ ಜನವರಿಯಲ್ಲಿ ಒಂದು ಸಲ ಬೆಂಗಳೂರಿಂದ ಮಧ್ಯಾಹ್ನ ಎರಡೂವರೆಗೆ ಹೊರಟು ಅವತ್ತೇ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದೆ ಅಂದ. ಎರಡೂವರೆ ಗಂಟೆಯಲ್ಲಿ ನಮ್ಮೂರಿಂದ ತುಮಕೂರಿಗೂ ಸರಿಯಾಗಿ ಹೋಗೋಕಾಗಲ್ಲ. ಅವನು ನನ್ನನ್ನ ಆಟ ಆಡಿಸ್ತಿದಾನಾ?
– ಒಬ್ಬ ತಾಯಿ, ಅರಸೀಕೆರೆ

ಇಲ್ಲಮ್ಮ, ನಿಮ್ಮ ಮಗ ಸುಳ್ಳು ಹೇಳಿಲ್ಲ, ಆದ್ರೆ ಹೊರಟಿದ್ದು ನಿಮ್ಮ ಗಡಿಯಾರದಲ್ಲಿ, ತಲುಪಿದ್ದು ಅವನ ಗಡಿಯಾರದಲ್ಲಿ ಅನ್ನೋದು ಹೇಳೋದು ಮರೆತಿದಾನೆ. ಅವನು ಅಲ್ಲಿ ಸಂಜೆ ಐದಕ್ಕೆ ಇಳಿದಾಗ ನಿಮ್ಮ ಮನೇಲಿ ಮರುದಿನ ಬೆಳಗ್ಗೆ ಆರೂವರೆ, ನೀವು ಬಾಗಿಲಿಗೆ ನೀರು ಹಾಕೋ ಹೊತ್ತು. ಮಧ್ಯಾಹ್ನ ಎರಡೂವರೆಯಿಂದ ಬೆಳಗ್ಗೆ ಆರೂವರೆ ಅಂದ್ರೆ ಪೂರ್ತಿ 16 ಗಂಟೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನಾನ್‌ಸ್ಟಾಪ್ ಶುರು ಮಾಡಿದಾಗ ಇದೇ ಟೈಮಿಂಗ್ ಇಟ್ಟಿತ್ತು.

ಎರಡೂ ಗಡಿಯಾರದ ನಡುವೆ ಆ ಹದಿಮೂರೂವರೆ ಗಂಟೆ ಅಂತರ ಎಲ್ಲಿಂದ ಬಂತು ಅಂತ ಕೇಳ್ತೀರಾ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗತ್ತೆ, ಗಂಟೆಗೆ 15. ನಮ್ಮ ದೇಶದ ಗಡಿಯಾರ ಇಟ್ಟಿರೋದು 82.5 ಡಿಗ್ರಿ ಪೂರ್ವಕ್ಕೆ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ರ ಹಾಯೋ ಗೆರೆ ಅದು. ಅವರದ್ದು 120 ಡಿಗ್ರಿ ಪಶ್ಚಿಮಕ್ಕೆ. ಎರಡೂ ಕೂಡಿಸಿದ್ರೆ 202.5, ಹದಿನೈದರಿಂದ ಭಾಗಿಸಿದ್ರೆ ಸರಿಯಾಗಿ ಹದಿಮೂರೂವರೆ. ನಂಗಂತೂ ಈ ಲೆಕ್ಕ ಮೊದಲ್ನೇ ಸಲ ಯಾರೋ ತೋರಿಸಿದಾಗ ಚಿಕ್ಕ ಹುಡುಗನ ಥರ ಖುಷಿ ಆಗಿತ್ತು, ಇಷ್ಟು ವರ್ಷ ಆ ಅರ್ಧ ಗಂಟೆನ ಬೈಕೊಂಡೇ ಟಿಕೆಟ್ ಬರೆದಿದ್ದೆ.

ಇನ್ನೊಂದು ತಮಾಷೆ ಕೇಳಿ. ಪೂರ್ವಕ್ಕೆ ಹೋಗೋದ್ರಿಂದ ನಿಮ್ಮ ಮಗನಿಗೆ ಹೊರಟು ಎರಡು ಮೂರು ಗಂಟೆ ಆಗೋದ್ರೊಳಗೆ ಹೆಚ್ಚುಕಮ್ಮಿ ಕತ್ತಲಾಗಿರತ್ತೆ, ಏಳೆಂಟು ಗಂಟೆ ರಾತ್ರಿ, ಆಮೇಲೆ ಪೆಸಿಫಿಕ್ ಮೇಲೆಲ್ಲೋ ಬೆಳಗಾಗತ್ತೆ, ತಿರುಗಾ ಮಧ್ಯಾಹ್ನ ಆಗತ್ತೆ, ಇಳಿಯೋವಾಗ ಸಂಜೆ. ತಾರೀಖು ಮಾತ್ರ ಅದೇ! ಒಂದೇ ತಾರೀಖಲ್ಲಿ ಎರಡು ಬೆಳಗ್ಗೆ ಎರಡು ಮಧ್ಯಾಹ್ನ ಕಂಡೋರು ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲಿದ್ರು. ಮಧ್ಯದಲ್ಲಿ ದಿನಾಂಕ ರೇಖೆ ದಾಟಿದಾಗ ಒಂದು ದಿನ ಹಿಂದಕ್ಕೆ ಹೋಗ್ತಾರಲ್ಲ, ಅದರ ಮಹಿಮೆ. ಅವತ್ತಿನ ತಾರೀಖು ಅವನ ಪಾಲಿಗೆ 24 ಗಂಟೆ ಅಲ್ಲ, ಬೆಂಗಳೂರಿನ ಮಧ್ಯರಾತ್ರಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಮಧ್ಯರಾತ್ರಿವರೆಗೆ ಮೂವತ್ತೇಳೂವರೆ ಗಂಟೆ.

ಪ್ರಶ್ನೆ: ಹೋಗೋಕೆ 16 ಗಂಟೆ, ಬರೋಕೆ ಹೆಚ್ಚುಕಮ್ಮಿ 18 ಅಂತೆ. ದಾರಿ ಅದೇ ಅಲ್ವಾ? ಎರಡು ಗಂಟೆ ಎಲ್ಲಿ ಹೋಯ್ತು?
– ಆಟೋ ಚಾಲಕರು, ರಾಜಾಜಿನಗರ, ಬೆಂಗಳೂರು

ಗಾಳಿ ತಿಂದು ಹಾಕ್ತು ಅಣ್ಣ. ನೆಲದಿಂದ ಒಂಬತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯೋ ಒಂದು ಗಾಳಿ ನದಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಅದು ಭಯಂಕರ ಜೋರು, ಗಂಟೆಗೆ 200 ಕಿಲೋಮೀಟರ್ ಮಾಮೂಲಿ, ಕೆಲವು ಸಲ 300 ದಾಟತ್ತೆ. ವಿಮಾನ ಗಾಳಿಯೊಳಗೆ ಓಡೋದು ಗಂಟೆಗೆ ಸುಮಾರು 900. ಸರಾಸರಿ ಬರೀ 100 ಹಿಂದಿಂದ ತಳ್ಳಿದ್ರೂ 14,000 ಕಿಲೋಮೀಟರ್ 14 ಗಂಟೆಗೆ ಮುಗೀತು, ಅದೇ 100 ಎದುರಿಂದ ಬಂದ್ರೆ ಹದಿನೇಳೂವರೆ. ನೀವು ಎದುರುಗಾಳಿಲಿ ಹೆಬ್ಬಾಳ ಫ್ಲೈಓವರ್ ಹತ್ತಿಸಿದಾಗ ಆಟೋ ಹೇಗೆ ಏದುಸಿರು ಬಿಡತ್ತೋ ಹಾಗೆ ಅನ್ಕೊಳ್ಳಿ, ಆದ್ರೆ ಇಲ್ಲಿ ಇಂಜಿನ್ ಏದುಸಿರು ಬಿಡಲ್ಲ, ಅದು ಆರಾಮಾಗೇ ಇರತ್ತೆ, ಗಾಳಿನೇ ಇಡೀ ವಿಮಾನನ ಹಿಂದಕ್ಕೆ ಒಯ್ತಿರತ್ತೆ.

ನೀವು ದಾರಿ ಅದೇ ಅಂದ್ರಲ್ಲ, ಅಲ್ಲೇ ಇರೋದು ಮಜಾ. ದಾರಿ ಅದೇ ಅಲ್ಲ. ಬೆಂಗಳೂರಿಂದ ಹೋಗೋವಾಗ ಮೂಸಂಬಿ ದಾರ ಬಿಟ್ಟು ಬೇಕಂತಲೇ ದಕ್ಷಿಣಕ್ಕೆ, ಪೆಸಿಫಿಕ್ ಕಡೆಗೆ ಹೋಗಿ ಆ ಗಾಳಿ ನದಿಗೆ ಬೀಳ್ತಾರೆ. ದೂರ ಜಾಸ್ತಿ, ಟೈಮ್ ಕಮ್ಮಿ. ಬರೋವಾಗ ಅದೇ ನದಿಗೆ ಎದುರು ಈಜೋ ಬದಲು ಉತ್ತರಕ್ಕೆ ತಪ್ಪಿಸ್ಕೊಳ್ತಾರೆ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲೇ ಬಂತು, ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್ಟಲ್ಲಿದ್ದ ಪೈಲಟ್‌ಗಳೆಲ್ಲ ಹೆಂಗಸರೇ, ಪತ್ರಿಕೆಗಳಲ್ಲೆಲ್ಲ ಫೋಟೋ ಬಂದಿತ್ತು ನೆನಪಿರಬಹುದು. 11ನೇ ತಾರೀಖು ಬೆಳಗಿನ ಜಾವ ಮೂರೂಮುಕ್ಕಾಲಿಗೆ ಕೆಂಪೇಗೌಡ ನಿಲ್ದಾಣಕ್ಕೆ ತಲುಪೋದು ಅಂತ ಟೈಮ್‌ಟೇಬಲ್. ಲೆಕ್ಕ ಹಾಕಿದ್ರೆ ಹದಿನೇಳೂಮುಕ್ಕಾಲು ಗಂಟೆ. ನಿಖರವಾಗಿ ಧ್ರುವದ ಮೇಲೇ ಹಾದು ಬಂದ್ರೂ ಮೂಸಂಬಿ ದಾರಕ್ಕಿಂತ ಜಾಸ್ತಿ ಆಗೋದು ಬರೀ 370 ಕಿಲೋಮೀಟರ್, ಎದುರುಗಾಳಿ ತಪ್ಪತ್ತಲ್ಲ, ಲಾಭವೇ.

ಆ ಪ್ರಯಾಣದ ಬಗ್ಗೆ ನಂಗೆ ಮರೆಯೋಕಾಗದ ವಿಷಯ ಒಂದಿದೆ. ರಾತ್ರಿ ಹೊರಟ್ರು, ಜನವರಿಯಲ್ಲಿ ಧ್ರುವದ ಹತ್ರ ಸೂರ್ಯ ಹುಟ್ಟೋದೇ ಇಲ್ಲ, ಆ ಕಡೆ ಇಳಿಯೋ ಹೊತ್ತಿಗೆ ರಷ್ಯಾದಲ್ಲೂ ರಾತ್ರಿ, ಬೆಂಗಳೂರಲ್ಲೂ ರಾತ್ರಿ. ಅಂದ್ರೆ 9 ಆದ್ಮೇಲೆ 11. ಹತ್ತನೇ ತಾರೀಖಿನ ಸೂರ್ಯನ್ನ ಆ ವಿಮಾನದಲ್ಲಿದ್ದೋರು ಯಾರೂ ನೋಡ್ಲೇ ಇಲ್ಲ.

ಈ ಗಾಳಿ ಕಂಡುಹಿಡಿದ ಕಥೆನೂ ಹೇಳಿಬಿಡ್ತೀನಿ. 1920ರ ದಶಕದಲ್ಲಿ ಜಪಾನಿನ ತತೇನೋ ಅನ್ನೋ ಊರಲ್ಲಿ ವಾಸಾಬುರೋ ಓಇಶಿ ಅನ್ನೋ ಹವಾಮಾನ ವಿಜ್ಞಾನಿ ಬಲೂನ್ ಬಿಟ್ಟು ಬಿಟ್ಟು ಮೇಲೆ ಇಷ್ಟು ಜೋರು ಗಾಳಿ ಇದೆ ಅಂತ ಅಳೆದು ಬರೆದ. ಪ್ರಪಂಚಕ್ಕೆಲ್ಲ ಅರ್ಥ ಆಗ್ಲಿ ಅಂತ ಪಾಪ ಎಸ್ಪೆರಾಂಟೋ ಭಾಷೆಲಿ, ಎಲ್ಲ ದೇಶದೋರಿಗೂ ಒಂದೇ ಭಾಷೆ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆ ಅದು, ಬರೆದ, ಅದನ್ನ ಓದೋರೇ ಇರಲಿಲ್ಲ! ಮುಂದೆ 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳು ಜಪಾನ್ ಮೇಲೆ ಹೋದಾಗ ಗಾಳಿಗೆ ಸಿಕ್ಕಿ ಗುರಿ ತಪ್ಪಿ ತಪ್ಪಿ ಬಿದ್ದ ಮೇಲೆನೇ ಅವರಿಗೆ ಇದರ ಬಿಸಿ ತಟ್ಟಿದ್ದು.

ಪ್ರಶ್ನೆ: ಹೆಲಿಕಾಪ್ಟರ್ ಹತ್ತಿ ಬೆಂಗಳೂರಿನ ಮೇಲೆ ಹಾಗೇ ನಿಂತಿದ್ರೆ ಭೂಮಿ ತಿರುಗಿ ಹನ್ನೆರಡು ಗಂಟೆಯಲ್ಲಿ ಆ ಕಡೆಯ ದೇಶನೇ ಕೆಳಗೆ ಬರಬೇಕಲ್ವಾ ಸಾರ್?
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಬರಲ್ಲ ಮರಿ. ಬಸ್ಸಲ್ಲಿ ಹೋಗ್ತಿರುವಾಗ ಒಳಗೆ ನೊಣ ಹಾರಾಡ್ತಿರತ್ತೆ, ಅದು ಹಿಂದಿನ ಗಾಜಿಗೆ ಹೋಗಿ ಅಪ್ಪಳಿಸತ್ತಾ? ಒಳಗಿನ ಗಾಳಿನೂ ಬಸ್ಸಿನ ಜೊತೆಗೇ ಓಡ್ತಿರತ್ತೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗ್ತಿದೆ, ಅದರ ಮೇಲಿನ ಗಾಳಿನೂ, ಹೆಲಿಕಾಪ್ಟರೂ ಜೊತೆಗೇ. ಇಲ್ಲದಿದ್ರೆ ನೀನು ಹಾರಿ ಕೆಳಗೆ ಬರೋದ್ರೊಳಗೆ ನಿಮ್ಮನೆ ಪಕ್ಕದ ಬೀದಿ ದಾಟಿರ್ತಿತ್ತು. ಪ್ರಶ್ನೆ ಚೆನ್ನಾಗಿದೆ, ಫಿಸಿಕ್ಸ್ ಲೆಕ್ಚರರ್ ಹತ್ರ ಕೇಳು, ಖುಷಿಪಡ್ತಾರೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ನಾವಿಬ್ಬರೂ ಮೊದಲ ಸಲ ವಿಮಾನ ಹತ್ತುತ್ತಿದ್ದೇವೆ. ಮೊಬೈಲಲ್ಲಿ ನೋಡಿದರೆ ಒಂದು ಕಡೆ 21 ಗಂಟೆ, ಒಂದು ಕಡೆ 27, ಇನ್ನೊಂದು ಕಡೆ 38 ಗಂಟೆ ತೋರಿಸುತ್ತದೆ. ನೀವು 16 ಅಂತೀರಿ. ಯಾವುದು ನಂಬಬೇಕು? ಅಳಿಯಂದಿರು ಅಗ್ಗದ್ದು ಇದೆ, ಎರಡು ಟಿಕೆಟ್ ಬೇರೆ ಬೇರೆ ಮಾಡುತ್ತೇನೆ ಅನ್ನುತ್ತಿದ್ದಾರೆ.
– ದಂಪತಿ, ಮಂಡ್ಯ

ಎಲ್ಲಾ ನಿಜವೇ ಅಮ್ಮ. ಮೊದಲಿಗೆ ಒಂದು ಮಾತು, ನಾನ್‌ಸ್ಟಾಪ್ ಬೇರೆ, ಡೈರೆಕ್ಟ್ ಬೇರೆ. ಡೈರೆಕ್ಟ್ ಅಂದ್ರೆ ಒಂದೇ ಫ್ಲೈಟ್ ನಂಬರು ಅಷ್ಟೇ, ಮಧ್ಯ ಒಂದು ಊರಲ್ಲಿ ಇಳಿದು ಹತ್ತಬಹುದು. ಎಲ್ಲೂ ಇಳಿಯದೇ ಇರೋದು ನಾನ್‌ಸ್ಟಾಪ್. ಕೌಂಟರಲ್ಲಿ ಕೂತಾಗ ಇದೊಂದು ಮಾತಿಗೆ ನಂಗೆ ಬಿದ್ದ ಬೈಗುಳ ಎಷ್ಟೋ. ಮತ್ತೆ ನಾನ್‌ಸ್ಟಾಪ್ ಇದೆ ಅಂತ ಯಾರೋ ಹೋದ ವರ್ಷ ಹೇಳಿದ್ದು ನಂಬಬೇಡಿ, ಇಷ್ಟು ಉದ್ದದ ರೂಟುಗಳನ್ನ ಕಂಪನಿಗಳು ಶುರು ಮಾಡ್ತಾರೆ, ನಿಲ್ಲಿಸ್ತಾರೆ, ಬುಕ್ ಮಾಡೋ ದಿನ ಏನಿದೆ ಅದೇ ಲೆಕ್ಕ.

ಸ್ಟಾಪ್ ಇರೋದಾದ್ರೆ ದೂರ ಹೀಗೆ ಬೀಳತ್ತೆ. ದುಬೈ ಮೇಲೆ ಹೋದ್ರೆ ಬೆಂಗಳೂರು-ದುಬೈ 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 13,000, ಒಟ್ಟು 15,700 ಕಿಲೋಮೀಟರ್. ಸಿಂಗಾಪುರ ಮೇಲೆ 3,200 ಮತ್ತೆ 13,600, ಒಟ್ಟು 16,800. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತೆ 9,150, ಅದೂ 16,500ರ ಮೇಲೆ. ಆಕಾಶದಲ್ಲಿರೋ ಟೈಮು ಮೂರರಲ್ಲೂ ಹತ್ತೊಂಬತ್ತು ಇಪ್ಪತ್ತು ಇಪ್ಪತ್ತೊಂದು ಗಂಟೆ ಆಸುಪಾಸು, ದೊಡ್ಡ ವ್ಯತ್ಯಾಸ ಇಲ್ಲ. ನಿಮ್ಮ ಮೊಬೈಲ್ ತೋರಿಸೋ 27ಕ್ಕೂ 38ಕ್ಕೂ ಇರೋ ವ್ಯತ್ಯಾಸ ಹಾರೋದ್ರಲ್ಲಿ ಇಲ್ಲ, ಮಧ್ಯದ ಏರ್‌ಪೋರ್ಟಿನ ಕುರ್ಚಿ ಮೇಲೆ ಕೂರೋದ್ರಲ್ಲಿದೆ. (ಅಂದಹಾಗೆ ದುಬೈಗೂ ಸ್ಯಾನ್ ಫ್ರಾನ್ಸಿಸ್ಕೋಗೂ ರೇಖಾಂಶದ ಅಂತರ ಹೆಚ್ಚುಕಮ್ಮಿ 178 ಡಿಗ್ರಿ, ಆ ದಾರ ಎಳೆದ್ರೆ ಧ್ರುವದಿಂದ ಸುಮಾರು 200 ಕಿಲೋಮೀಟರ್ ಪಕ್ಕದಲ್ಲೇ ಹೋಗತ್ತೆ. ಮರಳುಗಾಡಿಂದ ಹೊರಟು ಹಿಮದ ತುದಿಗೆ. ಶಿರಸಿ ಮೇಷ್ಟ್ರು ಮೂಸಂಬಿ ಇನ್ನೂ ತಿಂದಿಲ್ಲ ಅಂದ್ರೆ ಇದನ್ನೂ ನೋಡಬಹುದು.)

ನಿಮ್ಮ ವಯಸ್ಸಿಗೆ, ಮೊದಲ ಸಲಕ್ಕೆ, ಎರಡೂವರೆ ಮೂರು ಗಂಟೆ ಮಧ್ಯಂತರ ಸರಿ. ಒಂದು ಗಂಟೆ ಕಮ್ಮಿ, ಟರ್ಮಿನಲ್ ಬದಲಾಯಿಸೋಷ್ಟರಲ್ಲಿ ಬಾಗಿಲು ಹಾಕಿರ್ತಾರೆ, ಎಂಟು ಹತ್ತು ಗಂಟೆ ಜಾಸ್ತಿ, ಕಾಲು ಊದಿಕೊಳ್ಳತ್ತೆ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ, ನಾಚಿಕೆ ಬೇಡ, ನಡೆಯೋಕಾಗದೇ ಇರೋರಿಗೆ ಮಾತ್ರ ಅಲ್ಲ, ದಾರಿ ಗೊತ್ತಿಲ್ಲದ ಹಿರಿಯರಿಗೂ ಅದರಿಂದ ಎಷ್ಟೋ ಅನುಕೂಲ, ತಳ್ಕೊಂಡು ಹೋಗೋರು ಸರಿಯಾದ ಗೇಟಿಗೇ ಬಿಡ್ತಾರೆ.

ಅಳಿಯಂದಿರಿಗೆ ಮಾತ್ರ ನನ್ನ ಹೆಸರು ಹೇಳಿ ಬೇಡ ಅನ್ನಿ. ಒಂದೇ ಪಿಎನ್‌ಆರ್‌ನಲ್ಲಿ ಪೂರ್ತಿ ದಾರಿ ಇರಲಿ. ನಾನೇ, ಊರಿಗೆಲ್ಲ ಬುದ್ಧಿ ಹೇಳೋ ನಾನೇ, ಒಂದು ಸಲ ಹತ್ತು ಸಾವಿರ ಉಳಿಸೋಕೆ ಹೋಗಿ ಎರಡು ಬೇರೆ ಟಿಕೆಟ್ ತಗೊಂಡೆ. ಮೊದಲನೇ ವಿಮಾನ ಮೂರು ಗಂಟೆ ಲೇಟ್, ಎರಡನೇದು ನನ್ನನ್ನ ಬಿಟ್ಟು ಹಾರಿಹೋಗಿತ್ತು, ಕೌಂಟರಲ್ಲಿ ಕೂತಿದ್ದ ಹುಡುಗಿ ನಿಮ್ಮ ಮೊದಲ ಟಿಕೆಟ್ಟಿಗೂ ನಮಗೂ ಸಂಬಂಧ ಇಲ್ಲ ಅಂತ ನಗುನಗ್ತಾ ಹೇಳಿದ್ಲು, ಹೊಸ ಟಿಕೆಟ್ಟಿಗೆ ಅರವತ್ತು ಸಾವಿರ ಕೊಟ್ಟು ಹೆಂಡತಿ ಹತ್ರ ಇವತ್ತಿನವರೆಗೂ ಬೈಸ್ಕೊಳ್ತಿದೀನಿ. ಒಂದೇ ಟಿಕೆಟ್ ಆಗಿದ್ರೆ ಮುಂದಿನ ವಿಮಾನಕ್ಕೆ ಕೂರಿಸೋದು ಅವರ ತಲೆನೋವು. ಲಗೇಜೂ ಅಷ್ಟೇ, ಬೇರೆ ಬೇರೆ ಟಿಕೆಟ್ ಆದ್ರೆ ಮಧ್ಯದಲ್ಲಿ ನೀವೇ ತೆಗೆದು ಮತ್ತೆ ಹಾಕಬೇಕಾಗಬಹುದು. ಇನ್ನೊಂದು, ಅಮೆರಿಕದೊಳಗೆ ನ್ಯೂಯಾರ್ಕೋ ಚಿಕಾಗೋನೋ ಮುಟ್ಟಿ ಮುಂದೆ ಹೋಗೋದಾದ್ರೆ ಸಾಮಾನ್ಯವಾಗಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ನು, ಪೆಟ್ಟಿಗೆ ತಗೊಂಡು ಕಸ್ಟಮ್ಸ್ ದಾಟಿ ವಾಪಸ್ ಕೊಡಬೇಕು, ಅದಕ್ಕೆ ಮೂರು ಗಂಟೆ ಇಟ್ಕೊಳ್ಳಿ. ಸಾಧ್ಯ ಆದ್ರೆ ನೇರ ಸ್ಯಾನ್ ಫ್ರಾನ್ಸಿಸ್ಕೋಗೇ ಇಳಿಯೋದು ಮಾಡಿಸಿ.

ಮತ್ತೆ ಯಾವ ಆ್ಯಪೂ ತೋರಿಸದ ಟೈಮ್ ಒಂದಿದೆ. ಮಂಡ್ಯ ಮನೆ ಬಾಗಿಲಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಬೆಂಗಳೂರು ಟ್ರಾಫಿಕ್ ಸೇರಿ ಮೂರೂವರೆ ಗಂಟೆ, ಮೂರು ಗಂಟೆ ಮುಂಚೆ ಅಲ್ಲಿರಬೇಕು, ಆ ಕಡೆ ಇಳಿದ್ಮೇಲೆ ಇಮಿಗ್ರೇಷನ್ ಸಾಲು ಪೆಟ್ಟಿಗೆ ಎಲ್ಲ ಸೇರಿ ಒಂದೂವರೆ ಎರಡು, ಮಗಳ ಮನೆ ಫ್ರೀಮಾಂಟೋ ಸನ್ನಿವೇಲೋ ಆಗಿದ್ರೆ ಕಾರಲ್ಲಿ ಇನ್ನೊಂದು ಗಂಟೆ. ನಾನ್‌ಸ್ಟಾಪ್ 16 ಗಂಟೆದೇ ಬಾಗಿಲಿಂದ ಬಾಗಿಲಿಗೆ 25 ಆಗತ್ತೆ, ಒಂದು ಸ್ಟಾಪಿನದ್ದು ಮೂವತ್ತು ದಾಟತ್ತೆ. ಬಿಪಿ, ಶುಗರ್ ಮಾತ್ರೆ ತಗೊಳ್ಳೋರಾದ್ರೆ ಈ ಮೂವತ್ತು ಗಂಟೆಯ ಲೆಕ್ಕ ಬರ್ಕೊಂಡು ಹೋಗಿ ಡಾಕ್ಟ್ರ ಹತ್ರ ಯಾವ ಮಾತ್ರೆ ಯಾವಾಗ ಅಂತ ಬರೆಸ್ಕೊಳ್ಳಿ, ಮಾತ್ರೆ ಕೈಚೀಲದಲ್ಲೇ ಇರಲಿ. ವಿಮಾನದಲ್ಲಿ ಎರಡು ಗಂಟೆಗೊಂದು ಸಲ ಎದ್ದು ಓಡಾಡಿ, ಕೂತಲ್ಲೇ ಪಾದ ಆಡಿಸಿ, ಗಂಟೆಗಟ್ಟಲೆ ಅಲ್ಲಾಡದೆ ಕೂತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ.

ಪ್ರಶ್ನೆ: ಧ್ರುವದ ಮೇಲೆ ಅಷ್ಟು ಚಳಿಯಲ್ಲಿ ವಿಮಾನದ ಇಂಧನ ಗಟ್ಟಿ ಆಗಲ್ವಾ? ಮಧ್ಯದಲ್ಲಿ ಕೆಟ್ಟರೆ ಎಲ್ಲಿ ಇಳಿಸ್ತಾರೆ?
– ಮೆಕ್ಯಾನಿಕ್, ಹುಬ್ಬಳ್ಳಿ

ಮೆಕ್ಯಾನಿಕ್ ಪ್ರಶ್ನೆ ಅಂದ್ರೆ ಇದು. ನಮ್ಮಲ್ಲಿ ತುಂಬಿಸೋ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ ಹೆಪ್ಪುಗಟ್ಟೋಕೆ ಶುರು, ಅಮೆರಿಕದಲ್ಲಿ ಹೆಚ್ಚು ಬಳಸೋ ಜೆಟ್ ಎ ಮೈನಸ್ 40ಕ್ಕೇ. ಹೊರಗಿನ ಗಾಳಿ ಮೈನಸ್ 60ರ ಹತ್ರ ಇರಬಹುದು. ಆದ್ರೆ ಅಷ್ಟು ವೇಗದಲ್ಲಿ ಹೋಗುವಾಗ ಗಾಳಿ ಒತ್ತಿ ರೆಕ್ಕೆ ಮೈ ಇಪ್ಪತ್ತು ಮೂವತ್ತು ಡಿಗ್ರಿ ಬಿಸಿ ಏರತ್ತೆ, ಹಾಗಾಗಿ ಟ್ಯಾಂಕಿನ ಇಂಧನ ಅಷ್ಟು ತಣ್ಣಗಾಗಲ್ಲ, ಆದ್ರೂ ಪೈಲಟ್ ಕಣ್ಣು ಆ ಮೀಟರ್ ಮೇಲೇ ಇರತ್ತೆ, ತೀರಾ ಇಳಿದ್ರೆ ವೇಗ ಹೆಚ್ಚಿಸ್ತಾರೆ ಇಲ್ಲಾ ಬೆಚ್ಚಗಿರೋ ಎತ್ತರಕ್ಕೆ ಇಳೀತಾರೆ. ಬೆಂಗಳೂರು ರೂಟಲ್ಲಿ ಓಡಿಸಿದ ಬೋಯಿಂಗ್ 777-200 ಎಲ್‌ಆರ್ ಟ್ಯಾಂಕ್ ಹಿಡಿಯೋದು 1,80,000 ಲೀಟರಿಗೂ ಜಾಸ್ತಿ, ಅಷ್ಟು ಇಂಧನ ಒಟ್ಟಿಗೆ ತಣ್ಣಗಾಗೋಕೆ ಟೈಮೂ ಬೇಕಲ್ಲ. ಇದೇ ಮಾಡೆಲ್ 2005ರ ನವೆಂಬರಲ್ಲಿ ಹಾಂಕಾಂಗಿಂದ ಪೂರ್ವಕ್ಕೆ ಹೊರಟು ಅರ್ಧ ಭೂಮಿಗಿಂತ ಹೆಚ್ಚು ಸುತ್ತಿ ಲಂಡನ್ನಿಗೆ 21,600 ಕಿಲೋಮೀಟರ್ ಹಾರಿತ್ತು, ಎಲ್ಲೂ ಇಳಿಯದೆ, 22 ಗಂಟೆ 42 ನಿಮಿಷ.

ಎಲ್ಲಿ ಇಳಿಸ್ತಾರೆ ಅನ್ನೋದು ಹೊರಡೋ ಮೊದಲೇ ಬರೆದಿಟ್ಟಿರ್ತಾರೆ. ಎರಡೇ ಇಂಜಿನ್ನಿನ ವಿಮಾನ ಒಂದು ಇಂಜಿನ್ ನಿಂತ್ರೂ ನಿಗದಿ ಮಾಡಿದಷ್ಟು ನಿಮಿಷದಲ್ಲಿ ಯಾವುದಾದ್ರೂ ರನ್‌ವೇ ಮುಟ್ಟೋ ಹಾಗೇ ದಾರಿ ಹಾಕ್ಬೇಕು ಅಂತ ನಿಯಮ. 2023ರ ಜೂನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಿದ್ದ ವಿಮಾನ ಇಂಜಿನ್ ತೊಂದರೆ ಅಂತ ರಷ್ಯಾದ ಮಗದಾನ್ ಅನ್ನೋ ಊರಲ್ಲಿ ಇಳೀತು, ಇನ್ನೊಂದು ವಿಮಾನ ಬರೋವರೆಗೂ 216 ಜನ ಪ್ರಯಾಣಿಕರು ಅಲ್ಲೇ. ಆ ಊರಿನ ಹೆಸರು ಅಲ್ಲೀವರೆಗೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ.

ಪ್ರಶ್ನೆ: ನನ್ನದು ತಪ್ಪದ ಏಕಾದಶಿ ಉಪವಾಸ. ಮಗನ ಊರಲ್ಲಿ ಏಕಾದಶಿ ಒಂದು ದಿನ ಮುಂಚೆಯೇ ಬರುತ್ತದಂತೆ. ದೇವರಿಗೂ ಟೈಮ್ ಝೋನ್ ಇದೆಯೇ?
– ಒಬ್ಬ ಅಜ್ಜಿ, ಉಡುಪಿ

ಅಜ್ಜಿ, ತಿಥಿ ಅನ್ನೋದು ಗಡಿಯಾರ ನೋಡಲ್ಲ, ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದ್ರೆ ಒಂದು ತಿಥಿ, ಅದು ಶುರುವಾಗೋ ಕ್ಷಣ ಉಡುಪಿಗೂ ಒಂದೇ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದೇ. ಬೇರೆ ಆಗೋದು ಸೂರ್ಯೋದಯ. ಉದಾಹರಣೆಗೆ ಬೇಸಿಗೆಯಲ್ಲಿ ಏಕಾದಶಿ ನಮ್ಮಲ್ಲಿ ಸೋಮವಾರ ಬೆಳಗ್ಗೆ ಹತ್ತಕ್ಕೆ ಹಿಡಿದು ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬಿಡತ್ತೆ ಅನ್ಕೊಳ್ಳಿ. ಸೂರ್ಯೋದಯಕ್ಕೆ ಇರೋದು ಮಂಗಳವಾರ, ನಿಮಗೆ ಮಂಗಳವಾರ ಉಪವಾಸ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡೋದ್ರಿಂದ ಅಂತರ ಹನ್ನೆರಡೂವರೆ ಗಂಟೆ, ಹಾಗಾಗಿ ಅದೇ ಅಲ್ಲಿ ಭಾನುವಾರ ರಾತ್ರಿ ಒಂಬತ್ತೂವರೆಗೆ ಹಿಡಿದು ಸೋಮವಾರ ರಾತ್ರಿ ಎಂಟೂವರೆಗೆ ಬಿಡತ್ತೆ, ಸೂರ್ಯೋದಯಕ್ಕೆ ಸಿಕ್ಕಿದ್ದು ಸೋಮವಾರ. ಅದಕ್ಕೇ ಒಂದು ದಿನ ಮುಂಚೆ. ದಶಮಿ ವೇಧ, ಪಾರಣೆ ಹೊತ್ತು ಇವೆಲ್ಲ ನಿಮ್ಮ ಮಠದವರನ್ನೇ ಕೇಳ್ಬೇಕು, ನಾನು ಟಿಕೆಟ್ ಮಾರಿದೋನು, ಆಚಾರ್ಯ ಅಲ್ಲ. ಆದ್ರೆ ನನ್ನ ಒಂದು ಕೋರಿಕೆ, ಏಕಾದಶಿ ದಿನ ಮಾತ್ರ ಇಲ್ಲಿಂದ ಹೊರಡಬೇಡಿ. ಮೇಲೆ ಹೇಳಿದ್ನಲ್ಲ, ಚಳಿಗಾಲದಲ್ಲಿ ಆ ತಾರೀಖು ಮೂವತ್ತೇಳೂವರೆ ಗಂಟೆ ಇರತ್ತೆ, ಬೇಸಿಗೆಯಲ್ಲಿ ಒಂದು ಗಂಟೆ ಕಮ್ಮಿ ಅಷ್ಟೇ!

ಪ್ರಶ್ನೆ: ಪ್ರಪಂಚದಲ್ಲಿ ಎಲ್ಲಕ್ಕಿಂತ ಉದ್ದದ ವಿಮಾನ ಪ್ರಯಾಣ ಇದೇನಾ?
– ಒಬ್ಬ ಓದುಗರು, ಕಲಬುರಗಿ

ಅಲ್ಲ. ಸಿಂಗಾಪುರದಿಂದ ನ್ಯೂಯಾರ್ಕ್, 15,300 ಕಿಲೋಮೀಟರ್ ದಾಟತ್ತೆ, ಹದಿನೆಂಟೂವರೆ ಗಂಟೆ ಮೇಲೆ. ಆಸ್ಟ್ರೇಲಿಯಾದ ಕ್ವಾಂಟಾಸ್‌ನೋರು ಸಿಡ್ನಿಯಿಂದ ಲಂಡನ್ನಿಗೆ ಒಂದೇ ಹಾರಿಗೆ, 17,000 ಕಿಲೋಮೀಟರ್, ಅಂತ ಹೊರಟಿದಾರೆ. ನನ್ನ ಸೊಂಟಕ್ಕಂತೂ ಬೇಡ.

ಪ್ರಶ್ನೆ: ಮೊಮ್ಮಗಳ ಜೊತೆ ಮಾತಾಡೋಕೆ ಯಾವಾಗ ಫೋನ್ ಮಾಡಲಿ? ಪ್ರತಿ ಸಲ ನಾನು ಮಾಡಿದಾಗ ಅಲ್ಲಿ ಅರ್ಧರಾತ್ರಿ, ಸೊಸೆ ಏನೂ ಅನ್ನಲ್ಲ, ಆದರೂ ಬೇಜಾರಾಗತ್ತೆ.
– ಒಬ್ಬ ಅಜ್ಜ, ತೀರ್ಥಹಳ್ಳಿ

ಅಜ್ಜ, ಬೇಸಿಗೆ ಲೆಕ್ಕ ಬಾಯಲ್ಲೇ ಆಗತ್ತೆ. ನಿಮ್ಮ ಗಡಿಯಾರದಲ್ಲಿ ಬೆಳಗ್ಗೆನ ಹಿಂದಿನ ದಿನದ ರಾತ್ರಿ ಮಾಡಿ, ಅರ್ಧ ಗಂಟೆ ಕಳೀರಿ. ನಿಮಗೆ ಭಾನುವಾರ ಬೆಳಗ್ಗೆ ಎಂಟು ಅಂದ್ರೆ ಅಲ್ಲಿ ಶನಿವಾರ ಸಂಜೆ ಏಳೂವರೆ, ಮಗು ಊಟ ಮಾಡ್ತಿರೋ ಹೊತ್ತು, ಅದಕ್ಕಿಂತ ಒಳ್ಳೇ ಟೈಮಿಲ್ಲ. ನೀವು ಬಹುಶಃ ಮಧ್ಯಾಹ್ನ ಊಟ ಮುಗಿಸಿ ಮಾಡ್ತಿದೀರಿ, ಆಗ ಅಲ್ಲಿ ಹೆಚ್ಚುಕಮ್ಮಿ ನಡುರಾತ್ರಿನೇ. ನವೆಂಬರ್ ಮೊದಲನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಡ್ತಾರೆ, ಆಗ ಅರ್ಧದ ಬದಲು ಒಂದೂವರೆ ಕಳೀಬೇಕು, ಅದೇ ಬೆಳಗ್ಗೆ ಎಂಟು ಅಲ್ಲಿ ಸಂಜೆ ಆರೂವರೆ. ಮಾರ್ಚ್ ಎರಡನೇ ಭಾನುವಾರ ವಾಪಸ್ ಬೇಸಿಗೆ ಲೆಕ್ಕ. ಗೋಡೆ ಕ್ಯಾಲೆಂಡರಲ್ಲಿ ಆ ಎರಡು ಭಾನುವಾರಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಇಲ್ಲಾ ಇನ್ನೂ ಸುಲಭ, ಮನೆಯಲ್ಲಿರೋ ಹಳೇ ಕೈಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿ ಮೊಮ್ಮಗಳ ಟೈಮಿಟ್ಟು ಫೋನಿನ ಪಕ್ಕದ ಮೊಳೆಗೆ ನೇತುಹಾಕಿ. ನಮ್ಮನೇಲಿ ಹಾಗೇ ಇದೆ, ನನ್ನ ಮಗಳದ್ದು.